ಕಲ್ಲು ಇಡುವ ಮೊದಲು ಬರೆದ ನೋಟ್‌ಬುಕ್

2022ರ ಆಟಿ ತಿಂಗಳ (ಜುಲಾಯಿ-ಆಗಸ್ಟ್) ಒಂದು ರಾತ್ರಿ ನಮ್ಮ ಹಳೇ ಮನೆಯ ಅಡುಗೆಕೋಣೆಯ ಮೇಲೆ ಹಂಚು ಹೊತ್ತ ಮರದ ಪಕ್ಕಾಸು ಮುರಿದು ಐವತ್ತು ಅರುವತ್ತು ಹಂಚು ಒಳಗೆ ಬಿತ್ತು. ಒರಲೆ ತಿಂದು ಮರ ಟೊಳ್ಳಾಗಿದ್ದದ್ದು ಹೊರಗಿನಿಂದ ಕಾಣುತ್ತಿರಲಿಲ್ಲ. ಅತ್ತೆ ಆಗಷ್ಟೇ ಒಲೆಯ ಬೆಂಕಿ ಆರಿಸಿ ಚಾವಡಿಗೆ ಬಂದಿದ್ದರು. ಐದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮರುದಿನವೇ ಶಾರ್ಜಾದಲ್ಲಿರುವ ನಮ್ಮವರಿಗೆ ಫೋನ್ ಮಾಡಿ, ಇನ್ನು ರಿಪೇರಿ ಸಾಕು, ಹೊಸ ಮನೆ ಕಟ್ಟುವ ಎಂದೆ.

ನಮ್ಮ ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಾನು ಕನ್ನಡ ಮಾಧ್ಯಮ ಶಾಲೆಯ ಟೀಚರ್. ಮನೆಯಲ್ಲಿ ಇರುವುದು ಅತ್ತೆ, ನಾನು, ಎಂಟನೇ ಕ್ಲಾಸಿನ ಮಗಳು. ಸಿಮೆಂಟು, ಹೊಯ್ಗೆ (ಮರಳು), ಕಬ್ಬಿಣ ಎಲ್ಲ ನಾವೇ ತಂದು ಕೂಲಿಗೆ ಮಾತ್ರ ಜನ ಹಿಡಿದರೆ ಖರ್ಚು ಕಡಿಮೆ ಎಂದು ಭಾವ ಹೇಳಿದರು. ಆದರೆ ದಿನಾ ಬೆಳಿಗ್ಗೆ ಸಾಮಾನು ಇಳಿಸಿಕೊಳ್ಳಲು, ಜನ ಬಾರದ ದಿನ ಬೇರೆಯವರನ್ನು ಹುಡುಕಲು ನಮ್ಮಲ್ಲಿ ಯಾರಿದ್ದಾರೆ? ಅದಕ್ಕೆ ಸಾಮಾನು ಸಮೇತ ಪೂರ್ತಿ ಕಂಟ್ರಾಕ್ಟ್ ಕೊಡುವುದೆಂದು ತೀರ್ಮಾನ ಮಾಡಿದೆವು. ಪೂರ್ತಿ ಕಂಟ್ರಾಕ್ಟ್ ಕೊಟ್ಟವರಿಗೆ ಮನೆ ಕಟ್ಟುವಾಗ ಕೆಲಸ ಕಡಿಮೆ, ನಿಜ. ಕಟ್ಟುವ ಮೊದಲು ಮಾತ್ರ ಎರಡು ಪಾಲು ಕೆಲಸ ಇದೆ. ಇದು ನನಗೆ ನಡುವೆ ಎಲ್ಲೋ ಅರ್ಥವಾದದ್ದು, ಮೊದಲೇ ಗೊತ್ತಿದ್ದದ್ದಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ಆಗಸ್ಟ್ ಕೊನೆಯಿಂದ ಬರೆಯಲು ಸುರು ಮಾಡಿದೆ. ಕೆಸರುಕಲ್ಲು, ಅಂದರೆ ಪಾಯದ ಮೊದಲ ಕಲ್ಲು, ಹಾಕಿದ್ದು ದೀಪಾವಳಿ ಕಳೆದ ಮೇಲೆ, ನವೆಂಬರಿನಲ್ಲಿ. ಈ ಮನೆ ಚೆನ್ನಾಗಿ ಬಂದಿದ್ದರೆ ಅದು ಆ ಎರಡು ತಿಂಗಳಲ್ಲಿ ಬರೆದದ್ದರಿಂದ.

ಮೊದಲು ಜಾಗದ ವಿಷಯ. ನಮ್ಮದು ತೋಟ, ಗುಡ್ಡೆ ಎಲ್ಲ ಸೇರಿ ಒಂದು ಎಕರೆ 60 ಸೆಂಟ್ಸ್. ನಮ್ಮವರಿಗೆ ಕೆಳಗೆ ತೋಟದ ಬದಿಯ ಸಮತಟ್ಟು ಜಾಗದಲ್ಲೇ ಮನೆ ಕಟ್ಟಬೇಕೆಂಬ ಆಸೆ. ರಸ್ತೆ ಹತ್ತಿರ, ಮಣ್ಣು ಕಡಿಯುವ ಖರ್ಚಿಲ್ಲ. ತೀರ್ವೆ ರಶೀದಿ ಹಿಡಿದು ವಿಲೇಜ್ ಆಫೀಸಿಗೆ ಹೋದಾಗ ಆ ಜಾಗ ದಾಖಲೆಯಲ್ಲಿ ನಂಜ, ಅಂದರೆ ಗದ್ದೆ ಜಾಗ, ಎಂದೇ ಇತ್ತು. ಮಾವನ ಕಾಲದಲ್ಲಿ ಅದು ಗದ್ದೆ. ಅಡಿಕೆ ನೆಟ್ಟು ನಲುವತ್ತು ವರ್ಷ ಕಳೆದರೂ ಕಾಗದದಲ್ಲಿ ಗದ್ದೆಯೇ. ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಇದೆ. ಅದರ ಡೇಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಪಟ್ಟಿಯಲ್ಲಿ, ಜಾಗ ಸೇರಿದ್ದರೆ ಅದನ್ನು ಬಿಡಿಸಿಕೊಳ್ಳಲು ಬೇರೆ ಅರ್ಜಿ, ಬೇರೆ ಓಡಾಟ. ವಾಸಕ್ಕೆ ಬೇರೆ ಜಾಗವೇ ಇಲ್ಲದವರಿಗೆ ಪಂಚಾಯತಿನಲ್ಲಿ 10 ಸೆಂಟ್ಸ್ ವರೆಗೆ ರಿಯಾಯಿತಿ ಇದೆ. ನಮಗೆ ಮೇಲೆ ಪುಂಜ, ಅಂದರೆ ಒಣ ಜಾಗ ಇತ್ತಲ್ಲ, ಆದ್ದರಿಂದ ಅದು ಸಿಗುವುದಿಲ್ಲ. ಪ್ಲಾನಿಗೆ ದುಡ್ಡು ಕೊಡುವ ಮೊದಲೇ ಇದನ್ನು ನೋಡಿಕೊಂಡದ್ದು ಒಳ್ಳೆಯದಾಯಿತು. ಮನೆ ಗುಡ್ಡೆಯ ಇಳಿಜಾರಿಗೆ ಹೋಯಿತು.

ಕಂಟ್ರಾಕ್ಟರರನ್ನು ಆರಿಸಿದ ಬಗೆಯನ್ನು ಸ್ವಲ್ಪ ಹೇಳಬೇಕು. ಮೂವರಲ್ಲಿ ದರ ಕೇಳಿದೆ. ಮೂವರೂ ತಾವು ಈಚೆಗೆ ಮುಗಿಸಿದ ಹೊಸ ಮನೆಗಳನ್ನೇ ತೋರಿಸಲು ಕರೆದರು. ಹೊಸ ಪೈಂಟಿನ ಮನೆ ನೋಡಿ ಎಂತ ತಿಳಿಯುತ್ತದೆ? ಎರಡು ಮಳೆಗಾಲ ಕಳೆದ ಮನೆ ತೋರಿಸಿ ಎಂದೆ. ಒಬ್ಬರು ಮಾತು ತಪ್ಪಿಸಿದರು. ಇನ್ನಿಬ್ಬರು ತೋರಿಸಿದ ಮನೆಗಳಿಗೆ ನಾನು, ಮಗಳು ಹೋದೆವು. ಗಂಡಸರನ್ನು ಕೇಳಿದರೆ ಕಾರ್ ಪೋರ್ಚ್ ತೋರಿಸುತ್ತಾರೆ. ನಾನು ಆ ಮನೆಯ ಹೆಂಗಸರನ್ನು ಕೇಳಿ ಬಚ್ಚಲಿನ ಹಿಂದಿನ ಗೋಡೆ, ಪಡುಬದಿಯ ಕಿಟಿಕಿಯ ಕೆಳಭಾಗ, ಅಡುಗೆಮನೆಗೆ ತಾಗಿದ ವರ್ಕ್ ಏರಿಯಾದ ನೆಲ ನೋಡಿದೆ. ನಮ್ಮಲ್ಲಿ ಮಳೆಗಾಳಿ ಬಂದು ಹೊಡೆಯುವುದು ಪಡುವಣದಿಂದ. ಗೋಡೆಗೆ ನೀರು ಎಳೆದಿದ್ದರೆ ಅಲ್ಲಿ ಹಸಿರು ಕಟ್ಟಿರುತ್ತದೆ, ಎಷ್ಟು ಪೈಂಟು ಬಳಿದರೂ ಉಬ್ಬಿ ಏಳುತ್ತದೆ. ಒಂದು ಮನೆಯಲ್ಲಿ ಪಡುಬದಿ ಒಣಗಿ ಸ್ವಚ್ಛವಿತ್ತು. ಆ ಮನೆಯವರು, "ಹೇಳಿದ ದಿನಕ್ಕೆ ಬರಲಿಕ್ಕಿಲ್ಲ, ಆದರೆ ಫೋನ್ ಮಾಡಿದರೆ ತೆಗೆಯುತ್ತಾರೆ" ಎಂದರು. ನನಗೆ ಅಷ್ಟು ಸಾಕಾಯಿತು. ಅವರ ದರ ಮೂವರಲ್ಲಿ ನಡುವಿನದ್ದು, ಚದರಡಿಗೆ 2,100 ರೂಪಾಯಿ.

ಆ ಕಂಟ್ರಾಕ್ಟರು ನಮ್ಮ ಜಿಲ್ಲೆಯದೇ ಹೊಸದುರ್ಗ ಕಡೆಯವರು, ಮನೆಮಾತು ಮಲೆಯಾಳ. ನಮ್ಮ ಮಾತುಕತೆ ತುಳುವಿನಲ್ಲಿ, ಅವರ ಕರಾರು ಮಲೆಯಾಳದಲ್ಲಿ, ನನ್ನ ನೋಟ್‌ಬುಕ್ ಕನ್ನಡದಲ್ಲಿ. ನಾನು ಮಲೆಯಾಳ ಮಾತಾಡುತ್ತೇನೆ, ಓದುವುದು ಅಕ್ಷರ ಕೂಡಿಸಿ ಕೂಡಿಸಿ. ಈ ಮೂರು ಭಾಷೆಯ ಸಂಗತಿ ಎಷ್ಟು ಮುಖ್ಯವಾಯಿತೆಂದು ಮುಂದೆ ಹೇಳುತ್ತೇನೆ.

ಪ್ಲಾನ್ ಬರೆದವರು ಪೇಟೆಯವರು. ಒಮ್ಮೆ ಬಂದು ಟೇಪು ಹಿಡಿದು, ಫೋಟೊ ತೆಗೆದು ಹೋದರು. ಹತ್ತು ದಿನದಲ್ಲಿ ಚಂದದ ನಕ್ಷೆ ಬಂತು. ಸಿಟೌಟ್ (ಎದುರಿನ ಜಗಲಿ), ಹಾಲ್, ಮೂರು ಕೋಣೆ, ಅಡುಗೆಮನೆ, ವರ್ಕ್ ಏರಿಯಾ. ಅತ್ತೆಗೆ ನಕ್ಷೆ ಓದಲು ಬಾರದು. ಹಾಗಾಗಿ ಅಂಗಳದಲ್ಲಿ ಸುಣ್ಣದ ಹುಡಿಯಿಂದ ನಾನು, ಮಗಳು ಪೂರ್ತಿ ಅಳತೆಗೆ ಗೆರೆ ಎಳೆದೆವು. ಅತ್ತೆ ಆ ಗೆರೆಗಳೊಳಗೆ ನಡೆದರು. ಒಲೆ ಇಲ್ಲಿ, ನೀರಿನ ಕೊಡಪಾನ ಇಲ್ಲಿ ಎಂದು ಕೈಯಲ್ಲೇ ತೋರಿಸಿಕೊಂಡು, "ಬಾಗಿಲು ತೆಗೆದರೆ ನನ್ನ ಬೆನ್ನಿಗೆ ತಾಗುತ್ತದಲ್ಲ" ಎಂದರು. ಕಾಗದದಲ್ಲಿ ನಾನು ಅದನ್ನು ಹತ್ತು ಸಲ ನೋಡಿದ್ದೆ, ಹೊಳೆದಿರಲಿಲ್ಲ. ಬಾಗಿಲು ಆಚೆ ಗೋಡೆಗೆ ಹೋಯಿತು. ಊರಿನಲ್ಲಿ ಮನೆ ಕಟ್ಟುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ನಕ್ಷೆಯನ್ನು ನೆಲದ ಮೇಲೆ ಎಳೆದು ಮನೆಯ ಹಿರಿಯರನ್ನು ನಡೆಸಿ ನೋಡಿ.

ಅದೇ ಹೊತ್ತಿಗೆ ಅತ್ತೆ ಕೇಳಿದ ಇನ್ನೊಂದು ಪ್ರಶ್ನೆ ನಮ್ಮನ್ನು ದೊಡ್ಡ ಅನಾಹುತದಿಂದ ಉಳಿಸಿತು.

"ಪಾಯಿಖಾನೆ ಗುಂಡಿ ಎಲ್ಲಿ?"

ನಕ್ಷೆ ನೋಡಿ, ಮೇಲೆ, ಮನೆಯ ಹಿಂದೆ ಎಂದೆ.

"ಅದರ ಅಡಿಯಲ್ಲಿ ಸುರಂಗ ಹೋಗುವುದಲ್ಲವಾ?"

ನಮಗೆ ಕುಡಿಯಲು, ತೋಟಕ್ಕೆ ಎಲ್ಲ ನೀರು ಸುರಂಗದ್ದು. ಗುಡ್ಡೆಯ ಬುಡದಿಂದ ಅಡ್ಡಕ್ಕೆ ಕೊರೆದ ಈ ಸುರಂಗಗಳು ನಮ್ಮ ಕಡೆಯ ಜೀವನಾಡಿ. ಒಬ್ಬ ಬಾಗಿಕೊಂಡು ಹೋಗುವಷ್ಟು ಎತ್ತರ, ಹೆಗಲು ಹಿಡಿಯುವಷ್ಟು ಅಗಲ, ಕೊನೆಯಲ್ಲಿ ನೀರಿನ ಒಸರು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಟಾಂಕಿಗೆ ಬರುತ್ತದೆ. ನಕ್ಷೆ ಬರೆದವರು ಬಾವಿ ಇದೆಯಾ ಎಂದು ಕೇಳಿದ್ದರು, ಇಲ್ಲ ಎಂದಿದ್ದೆ. ಸುರಂಗ ಇದೆಯಾ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಾವಿಗೂ ಪಾಯಿಖಾನೆ ಗುಂಡಿಗೂ ನಡುವೆ 7.5 ಮೀಟರ್ ಇರಬೇಕೆಂದು ಪಂಚಾಯತ್ ಕಟ್ಟಡ ನಿಯಮದಲ್ಲಿದೆ. ಆದರೆ ಮಣ್ಣಿನಡಿ ಎಲ್ಲಿಗೆ ತಿರುಗಿದೆ ಎಂದೇ ಕಾಣದ ಸುರಂಗಕ್ಕೆ ಅಳತೆ ಎಲ್ಲಿಂದ ಹಿಡಿಯುವುದು?

ಸುರಂಗದ ಕೆಲಸ ಬಲ್ಲ ನೆರೆಮನೆಯ ಅಜ್ಜನನ್ನು ಕರೆಸಿದೆವು. ಅವರು ಒಳಗೆ ಹೋಗುವಾಗ ಮೊದಲು ಮೊಂಬತ್ತಿ ಹಚ್ಚಿಕೊಂಡರು. ಬತ್ತಿ ಮಂಕಾದರೆ ಗಾಳಿ ಸಾಲದು, ಹಿಂದೆ ಬರಬೇಕು. ಕೈಯಲ್ಲಿ ಒಂದು ಕೋಲು ಉದ್ದದ ಬಿದಿರು. ಒಂದು ಕೋಲೆಂದರೆ 72 ಸೆಂಟಿಮೀಟರ್. ನಾನು ಮೇಲೆ ಗುಡ್ಡೆಯಲ್ಲಿ ಹಾರೆ ಹಿಡಿದು ನಿಂತೆ. ಒಳಗಿಂದ ಅವರು ಕೂಗಿದ ಲೆಕ್ಕವನ್ನು ಮಗಳು ಸುರಂಗದ ಬಾಯಿಯಲ್ಲಿ ಕೇಳಿಸಿಕೊಂಡು ನನಗೆ ಕೂಗಿ ಹೇಳುತ್ತಿದ್ದಳು. ನಾನು ಹಾರೆಯಿಂದ ನೆಲ ಗುದ್ದುವುದು, ಅವರು ಒಳಗೆ ಕಿವಿಗೊಟ್ಟು "ಇನ್ನೂ ಬಡಗು ದಿಕ್ಕಿಗೆ, ಇನ್ನೂ" ಎನ್ನುವುದು. ಸದ್ದು ನೇರ ತಲೆಯ ಮೇಲೆ ಕೇಳಿದಲ್ಲಿ ನಾನು ಒಂದು ಗೂಟ ಹೊಡೆಯುವುದು. ಹದಿನೆಂಟು ಕೋಲಿನ ವರೆಗೆ ಸುರಂಗ ನೆಟ್ಟಗೆ ಹೋಗಿತ್ತು. ಅಲ್ಲಿ ಕಪ್ಪು ಕಲ್ಲು ಅಡ್ಡ ಸಿಕ್ಕಿ ಎಡಕ್ಕೆ ತಿರುಗಿ ಒಟ್ಟು 32 ಕೋಲು, ಅಂದರೆ ಸುಮಾರು 23 ಮೀಟರ್. ಗೂಟಗಳ ಸಾಲನ್ನು ನೋಡಿದರೆ ಅದು ನಕ್ಷೆಯ ಹಿಂದಿನ ಕೋಣೆಯ ಮೂಲೆಯ ಅಡಿಯಿಂದ ಹಾದು ಪಾಯಿಖಾನೆ ಗುಂಡಿಯ ಅಡಿಗೇ ಬಂದು ಮುಗಿದಿತ್ತು. ಒಸರು ಇದ್ದದ್ದು ಅಲ್ಲೇ. ನನಗೆ ಅಲ್ಲಿ ಗುಡ್ಡೆಯ ಮೇಲೆಯೇ ಕುಳಿತುಕೊಳ್ಳಬೇಕೆನಿಸಿತು.

ಮನೆಯನ್ನು ಮೂರು ಕೋಲು ತೆಂಕಕ್ಕೆ ಸರಿಸಿದೆವು, ಸುರಂಗದ ತಲೆಯ ಮೇಲೆ ಗೋಡೆ ಬಾರದ ಹಾಗೆ. ಗುಂಡಿಯನ್ನು ಮೂಡು ಬಡಗಿಗೆ, ಸುರಂಗದ ಬಾಯಿಗಿಂತಲೂ ತಗ್ಗಿಗೆ ಒಯ್ದೆವು. ನೀರು ಮೇಲಿನಿಂದ ಕೆಳಗೆ ಇಳಿಯುವುದಲ್ಲವೇ, ಕೊಳೆ ಯಾವತ್ತೂ ಒಸರಿಗಿಂತ ಕೆಳಗಿರಬೇಕು. ಹೊಸ ನಕ್ಷೆಯಲ್ಲಿ ಸುರಂಗದ ದಾರಿಯನ್ನು ಚುಕ್ಕಿಗೆರೆಯಲ್ಲಿ ಹಾಕಿಸಿ, ಅದರ ಒಂದು ಪ್ರತಿ ಇವತ್ತೂ ಕಪಾಟಿನಲ್ಲಿಟ್ಟಿದ್ದೇನೆ. ಮುಂದೆ ಮಗಳು ಬೋರ್ ಹೊಡೆಸುವುದೋ ಕೋಣೆ ಸೇರಿಸುವುದೋ ಮಾಡಿದರೆ ಅವಳಿಗೆ ಗೊತ್ತಿರಬೇಕು.

ಇಳಿಜಾರಿನ ಇನ್ನೊಂದು ಕಷ್ಟ ಬರೆ, ಅಂದರೆ ಗುಡ್ಡೆ ಕಡಿದಾಗ ಉಳಿಯುವ ಮಣ್ಣಿನ ಗೋಡೆ. ಜಾಗ ಸಮ ಮಾಡಲು ಪಡುಬದಿಯಲ್ಲಿ ಮಣ್ಣು ಕಡಿದಾಗ ಮೇಲೆ ಗಟ್ಟಿ ಕೆಂಪು ಮುರ (ಜಂಬಿಟ್ಟಿಗೆ), ಬುಡದಲ್ಲಿ ಬಿಳಿ, ನೇರಳೆ ಬಣ್ಣದ ಶೇಡಿ ಮಣ್ಣು ಕಂಡಿತು. ಶೇಡಿ ಮಣ್ಣು ಬೇಸಗೆಯಲ್ಲಿ ಕಲ್ಲಿನ ಹಾಗಿರುತ್ತದೆ, ಮಳೆ ನೀರು ಕುಡಿದರೆ ಬೆಣ್ಣೆ. ನಮ್ಮಲ್ಲಿ ಬರೆ ಜರಿದು ಮನೆಯ ಹಿಂಭಾಗಕ್ಕೆ ಬೀಳುವುದು ಹೆಚ್ಚಾಗಿ ಹೀಗೆಯೇ. ಜೆಸಿಬಿಯವರು ನೆಟ್ಟಗೆ ಕಡಿದರೆ ಕೆಲಸ ಬೇಗ ಎಂದರು. ನಾನು ಒಪ್ಪಲಿಲ್ಲ. ಎರಡು ಮೆಟ್ಟಿಲಾಗಿ ಕಡಿಸಿ, ಮೇಲಿನಿಂದ ಬರುವ ನೀರಿಗೆ ಬರೆಯ ನೆತ್ತಿಯಲ್ಲೇ ಕಣಿ ತೆಗೆಸಿ, ಬರೆಗೂ ಹಿಂದಿನ ಗೋಡೆಗೂ ನಡುವೆ 3 ಮೀಟರ್ ಬಿಟ್ಟೆವು. ಕೋಣೆ ಒಂದಡಿ ಸಣ್ಣದಾಯಿತು. ಪರವಾಗಿಲ್ಲ.

ಇನ್ನು ಕರಾರು. ಅವರು ಕೊಟ್ಟದ್ದು ಎರಡು ಪುಟದ ಮಲೆಯಾಳ ಕಾಗದ. ಪಕ್ಕದ ಮನೆಯ ಹುಡುಗನನ್ನು ಕೂರಿಸಿ ಸಾಲು ಸಾಲು ಓದಿಸಿ ಕನ್ನಡದಲ್ಲಿ ಬರೆದುಕೊಂಡೆ. ಆಗಲೇ ಗೊತ್ತಾದದ್ದು ಒಂದೊಂದು ಮಾತಿಗೂ ಎರಡು ಅರ್ಥ ಇದೆ ಎಂದು. "ತರ ಮುಗಿದಾಗ" ಎರಡನೇ ಕಂತು ಎಂದಿತ್ತು. ಮಲೆಯಾಳದ ತರ ಎಂದರೆ ನಮ್ಮ ಪಂಚಾಂಗ, ಗೋಡೆಯ ಕೆಳಗಿನ ಪಾಯದ ಕಟ್ಟು. ಸರಿ, ಪಂಚಾಂಗ ಮುಗಿಯುವುದೆಂದರೆ ಯಾವಾಗ? ಅವರ ಲೆಕ್ಕದಲ್ಲಿ ಕಲ್ಲು ಕಟ್ಟಿ ಆದಾಗ. ನನ್ನ ಲೆಕ್ಕದಲ್ಲಿ ಕಲ್ಲಿನ ಮೇಲೆ ಕಾಂಕ್ರೀಟಿನ ಬೆಲ್ಟ್ ಹಾಕಿ, ಒಳಗೆ ಮಣ್ಣು ತುಂಬಿಸಿ, ನೀರು ಬಿಟ್ಟು ದಮ್ಮಾಸು ಮಾಡಿದಾಗ. ನಡುವೆ ಒಂದು ಲಕ್ಷದ ಹತ್ತಿರದ ಕೆಲಸ ಇದೆ. ಇದನ್ನು ಮೊದಲೇ ಮಾತಾಡದಿದ್ದರೆ ಡಿಸೆಂಬರಿನಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಮೋಸ ಮಾಡಿದರು ಎಂದುಕೊಳ್ಳುತ್ತಿದ್ದೆವು, ಇಬ್ಬರದೂ ತಪ್ಪಿಲ್ಲದೆ.

ಚದರಡಿಯೂ ಹಾಗೆಯೇ. ಅವರ ಲೆಕ್ಕದಲ್ಲಿ ಮನೆ 1,482 ಚದರಡಿ, ನನ್ನದರಲ್ಲಿ 1,350. ಹೊರಗೋಡೆಯ ಹೊರಬದಿಯಿಂದ ಅಳೆಯುವುದೆಂದು ಇಬ್ಬರಿಗೂ ಒಪ್ಪಿಗೆ ಇತ್ತು. ವ್ಯತ್ಯಾಸ ಬಂದದ್ದು ಸನ್‌ಶೇಡಿನಿಂದ, ತಾರಸಿಗೆ ಹತ್ತುವ ಮೆಟ್ಟಿಲಕೋಣೆಯಿಂದ, ಬರೀ ಶೀಟು ಹಾಕುವ ವರ್ಕ್ ಏರಿಯಾದಿಂದ. 132 ಚದರಡಿ ಎಂದರೆ 2,77,200 ರೂಪಾಯಿ. ನೋಟ್‌ಬುಕ್ಕಿನಲ್ಲಿ ಒಂದೊಂದೇ ಬರೆದು ಎದುರೆದುರು ಕುಳಿತು ಮಾತಾಡಿದೆವು. "ಟೀಚರೆ, ಇಷ್ಟು ಯಾರೂ ಕೇಳುವುದಿಲ್ಲ" ಎಂದರು, ಸಿಟ್ಟಿನಿಂದಲ್ಲ. ಸನ್‌ಶೇಡಿಗೆ ಲೆಕ್ಕ ಬೇಡ, ಶೀಟಿನ ಕೆಲಸಕ್ಕೂ ಮೆಟ್ಟಿಲಕೋಣೆಗೂ ಬೇರೆ ದರ ಎಂದು ತೀರ್ಮಾನವಾಯಿತು. ಮನೆಯ ಮೊತ್ತ 28,35,000.

ಅದಕ್ಕಿಂತ ಮುಖ್ಯವಾದದ್ದು ದರದಲ್ಲಿ ಸೇರದ ಕೆಲಸಗಳ ಪಟ್ಟಿ. ಚದರಡಿ ದರ ಕೇಳಿ ಮನೆಯ ಖರ್ಚು ಇಷ್ಟೇ ಎಂದುಕೊಂಡವರು ನಡುದಾರಿಯಲ್ಲಿ ಸಾಲ ಮಾಡಿದ್ದನ್ನು ನಮ್ಮ ಆಸುಪಾಸಿನಲ್ಲೇ ನೋಡಿದ್ದೇನೆ. ಮಣ್ಣು ಕಡಿಯುವುದು, ಪಾಯಿಖಾನೆ ಗುಂಡಿ, ಕಂಪೌಂಡ್, ತಾರಸಿಯ ಮೇಲಿನ ಮಾಡು, ಅಡುಗೆಮನೆಯ ಕಪಾಟು, ನೀರಿನ ಟಾಂಕಿ, ಕರೆಂಟಿನ ಸಂಪರ್ಕದ ಖರ್ಚು ಯಾವುದೂ ಅದರಲ್ಲಿ ಇರಲಿಲ್ಲ. ಸರಕಾರಕ್ಕೆ ಕೊಡುವುದೂ ಬೇರೆ ಇತ್ತು: ಪರ್ಮಿಟ್ ಫೀಸು, 100 ಚದರ ಮೀಟರ್ ದಾಟಿದ ಮನೆಗೆ ಒಂದೇ ಸಲದ ಕಟ್ಟಡ ತೆರಿಗೆ, ಆಗಿನ ನಿಯಮದಲ್ಲಿ 10 ಲಕ್ಷ ಮೀರಿದ ಮನೆಗೆ ಶೇಕಡಾ 1ರ ಕಾರ್ಮಿಕ ಸೆಸ್. ನಮ್ಮದು 125 ಚದರ ಮೀಟರ್ ಚಿಲ್ಲರೆ, ಎಲ್ಲದಕ್ಕೂ ಬರುತ್ತಿತ್ತು. ಇವನ್ನೆಲ್ಲ ಒಂದು ಪುಟದಲ್ಲಿ ಬರೆದು ಕೂಡಿಸಿ ನೋಡಿದ ರಾತ್ರಿ ನಮ್ಮವರಿಗೆ ಫೋನ್ ಮಾಡಿ, ಮೇಲಂತಸ್ತಿನ ಆಸೆ ಬಿಡುವ ಎಂದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ, ಆಮೇಲೆ ಆಯಿತು ಎಂದರು.

ಸಾಮಾನಿಗೂ ಹೀಗೆ. ಟೈಲ್ಸ್ ಚದರಡಿಗೆ 60 ರೂಪಾಯಿ ವರೆಗೆ ಅವರದ್ದು, ಮೇಲಿನದ್ದು ನಮ್ಮದು. ಸ್ವಿಚ್ಚು, ಲೈಟು, ಪ್ಲಗ್ಗಿನ ಪಾಯಿಂಟು ಎಷ್ಟು ಎಂದು ಕೋಣೆ ಕೋಣೆಗೆ ಎಣಿಸಿ ಬರೆದದ್ದು. ಎದುರಿನ ಬಾಗಿಲಿಗೆ ನಮ್ಮ ಹಲಸಿನ ಮರ, ಅದಕ್ಕೆ ಅವರು ಎಷ್ಟು ಕಡಿತ ಮಾಡಬೇಕು ಎಂಬುದು ಕೂಡ.

ಹಣ ಕೊಡುವುದನ್ನು ಎಂಟು ಕಂತು ಮಾಡಿದೆವು. ಕರಾರಿಗೆ ಶೇಕಡಾ 5, ಪಂಚಾಂಗಕ್ಕೆ 15, ಬಾಗಿಲು ಕಿಟಿಕಿಯ ಮೇಲಿನ ಲಿಂಟಲಿಗೆ 15, ಸ್ಲಾಬಿಗೆ 20, ಸಾರಣೆಗೆ 15, ಟೈಲ್ಸಿಗೆ 15, ಪೈಂಟು ಮುಗಿದಾಗ 10. ಉಳಿದ 5, ಅಂದರೆ 1,41,750 ರೂಪಾಯಿ, ಒಕ್ಕಲು (ಗೃಹಪ್ರವೇಶ) ಆದ ಮೇಲೆ ಒಂದು ಪೂರ್ತಿ ಮಳೆಗಾಲ ಕಳೆದು. ಈ ಕೊನೆಯ ಸಾಲಿಗೆ ಅವರು ತುಂಬ ಹೊತ್ತು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಮನೆ ಸೋರುವುದು ಗೊತ್ತಾಗುವುದು ಜುಲಾಯಿಯಲ್ಲಿ, ಫೆಬ್ರವರಿಯಲ್ಲಿ ಅಲ್ಲ. ಕೊನೆಗೆ, ಉಳಿದ ಕಂತುಗಳನ್ನು ಕೆಲಸ ಆದ ಒಂದು ವಾರದೊಳಗೆ ಕೊಡುವುದೆಂದು ನಾನು ಮಾತು ಕೊಟ್ಟೆ, ಅವರು ಒಪ್ಪಿದರು. ಆ ಮಾತು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ದೊಡ್ಡದು. ಬ್ಯಾಂಕಿನ ಸಾಲ ಬರುವುದು ಅವರ ಇಂಜಿನಿಯರ್ ಬಂದು ನೋಡಿ ಬರೆದು ಕೊಟ್ಟ ಮೇಲೆ. ಕೆಲಸ ಮುಗಿದು ಹಣ ಕೈಗೆ ಬರುವಾಗ ಇಪ್ಪತ್ತು ದಿನ. ಸಾಲ ಮಾಡಿ ಕಟ್ಟುವವರು ಕನಿಷ್ಠ ಒಂದು ಕಂತಿನಷ್ಟು ಹಣ ಕೈಯಲ್ಲಿಟ್ಟುಕೊಳ್ಳಬೇಕು. ನಾನು ಆ ವರ್ಷದ ಅಡಿಕೆಯ ಹಣವನ್ನು ಮುಟ್ಟದೆ ಇಟ್ಟೆ.

ಅಡಿಕೆ ಎಂದಾಗ ನೆನಪಾಯಿತು, ಅಂಗಳದ ವಿಷಯ. ಮನೆ ಕಟ್ಟುವ ಕಾಲವೂ ಅಡಿಕೆ ಒಣಗಿಸುವ ಕಾಲವೂ ನಮ್ಮಲ್ಲಿ ಒಂದೇ, ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆ ವರೆಗೆ. ಕಲ್ಲು, ಜಲ್ಲಿ, ಎಂ ಸ್ಯಾಂಡ್ (ಕಲ್ಲು ಹುಡಿ ಮಾಡಿದ ಹೊಯ್ಗೆ) ಎಲ್ಲ ಇಳಿಸಲು ಲಾರಿಯವರು ನೋಡುವುದು ಅಂಗಳವನ್ನೇ. ಹುಡಿ ಹಾರಿ ಅಡಿಕೆಗೆ ಕೂತರೆ ದರ ಹೋಯಿತು. ಹಾಗಾಗಿ ಕರಾರಿನಲ್ಲಿ ಅಂಗಳಕ್ಕೂ ಒಂದು ಸಾಲು: ಸಾಮಾನು ದನದ ಹಟ್ಟಿಯ ತೆಂಕುಬದಿಯಲ್ಲಿ ಮಾತ್ರ. ಲಾರಿ ಹೋಗಲು ಎರಡು ತೆಂಗಿನ ಗಿಡ ಕೀಳಬೇಕಾಯಿತು.

ಮುರಕಲ್ಲು ಆರಿಸುವಾಗ ನಾನು ಕಲ್ಲು ಕಡಿಯುವ ಪಾರೆಗೆ ಹೋಗಿದ್ದೆ. ಲ್ಯಾಟರೈಟ್ ಎಂಬ ಹೆಸರು ಈ ಕಲ್ಲಿಗೆ 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಟ್ಟದ್ದು, ಅದೂ ನಮ್ಮ ಕೇರಳದ ಅಂಗಾಡಿಪುರದ ಕಲ್ಲು ನೋಡಿ. ಕ್ಲಾಸಿನಲ್ಲಿ ಮಕ್ಕಳಿಗೆ ಇದನ್ನು ಹೇಳುವುದು ನನಗೆ ಇಷ್ಟ. ನೆಲದಿಂದ ಎಬ್ಬಿಸುವಾಗ ಮೆದು, ಗಾಳಿ ಬಿಸಿಲು ತಾಗಿದರೆ ಗಟ್ಟಿ. ಬಿಳಿ ಮಣ್ಣಿನ ಕಣ್ಣು ಹೆಚ್ಚಿರುವ ಕಲ್ಲನ್ನು ಉಗುರಿನಿಂದ ಕೆರೆದರೂ ಹುಡಿ ಬೀಳುತ್ತದೆ, ಅದು ಬೇಡ. ಪಾಯಕ್ಕೆ ಗಟ್ಟಿಯದ್ದು, ಒಳಗೋಡೆಗೆ ಎರಡನೇ ತರಗತಿಯದ್ದೂ ಆಗಬಹುದು ಎಂದು ಬರೆದಿಟ್ಟೆವು.

ಕಬ್ಬಿಣ ಬಂದ ದಿನ ಹತ್ತು ಎಂಎಂ ಸಲಾಕೆ ಐದನ್ನು ಒಟ್ಟು ಕಟ್ಟಿ ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿದೆ. ಹನ್ನೆರಡು ಮೀಟರ್ ಉದ್ದದ್ದು ಒಂದಕ್ಕೆ 7.4 ಕೆಜಿ, ಐದಕ್ಕೆ 37 ಬರಬೇಕು. 36.6 ಬಂತು. ಕಂಟ್ರಾಕ್ಟರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅವರಿಗೆ ಬೇಸರವಾಗಬಹುದೆಂದು ನನಗೆ ಅಳುಕು ಇತ್ತು. "ನಾನು ಅಂಗಡಿಯಲ್ಲಿ ಹೀಗೆ ತೂಗಿಸಿಯೇ ತಂದದ್ದು" ಎಂದರು. ಅಂದಿನಿಂದ ನಮ್ಮ ನಡುವೆ ಮಾತು ಸಲೀಸಾಯಿತು.

ಸ್ಲಾಬ್ ಹಾಕಿದ್ದು 2023ರ ಏಪ್ರಿಲ್ 17, ವಿಷು ಕಳೆದು ಎರಡನೇ ದಿನ. ಬೆಳಿಗ್ಗೆ ಆರಕ್ಕೆ ಮಿಶಿನ್ ಬಂತು. ಒಂದು ಚೀಲ ಸಿಮೆಂಟಿಗೆ ಒಂದೂವರೆ ಪಾಲು ಎಂ ಸ್ಯಾಂಡ್, ಮೂರು ಪಾಲು ಜಲ್ಲಿ, ಇದು ಎಲ್ಲರಿಗೂ ಗೊತ್ತು. ಕೆಡುವುದು ನೀರಿನಲ್ಲಿ. ನೀರು ಹೆಚ್ಚಾದರೆ ಕಾಂಕ್ರೀಟು ಹಾಯಾಗಿ ಹರಿಯುತ್ತದೆ, ಎಳೆಯುವವರಿಗೆ ಸುಲಭ, ಒಣಗಿದ ಮೇಲೆ ಬಲ ಇಲ್ಲ. ಈ ಮಿಶ್ರಣಕ್ಕೆ ಚೀಲಕ್ಕೆ 27.5 ಲೀಟರ್ ಮೀರಬಾರದು. ಹತ್ತು ಲೀಟರಿನ ಬಕೆಟಿಗೆ ಒಳಗಿನಿಂದ ಅರ್ಧಕ್ಕೆ ಗೆರೆ ಎಳೆದು, ಎರಡೂವರೆ ಬಕೆಟ್ ಎಂದು ಮಿಶಿನಿನ ಹುಡುಗನಿಗೆ ಹೇಳಿ ಕೊಟ್ಟೆ. ಅವನು ಬಂಗಾಳದವನು. ಮೊದಲ ನಾಲ್ಕು ಸಲ ನನ್ನ ಮುಖ ನೋಡಿ ಹಾಕಿದ, ಆಮೇಲೆ ತಾನೇ ಗೆರೆ ನೋಡಿ ಹಾಕಿದ. ಸಂಜೆ ನಾಲ್ಕಕ್ಕೆ ಮುಗಿದಾಗ ಎಲ್ಲರಿಗೂ ಪಾಯಸದ ಊಟ.

ಹಾಕಿದ ಎರಡೇ ದಿನಕ್ಕೆ ಹುಡುಗರೆಲ್ಲ ಈದ್ ಹಬ್ಬಕ್ಕೆ ಊರಿಗೆ ಹೊರಟರು. ಸ್ಲಾಬಿಗೆ ನೀರು ಯಾರು ನಿಲ್ಲಿಸುವುದು? ಕರಾರಿನಲ್ಲಿ "ನೀರು ಮಾಲೀಕರದು" ಎಂದಿತ್ತು. ಸುರಂಗದ ನೀರು ಕೊಟ್ಟರೆ ಸಾಕೆಂದು ನಾನು, ಹೊಯ್ಯುವುದೂ ಮನೆಯವರದ್ದೇ ಎಂದು ಅವರು. ಅಷ್ಟೆಲ್ಲ ಬರೆದ ನೋಟ್‌ಬುಕ್ಕಿನಲ್ಲಿ ಇದೊಂದು ಜಾರಿ ಹೋಗಿತ್ತು. ಜಗಳ ಮಾಡುವ ಹೊತ್ತು ಅದಲ್ಲ. ಏಪ್ರಿಲಿನ ಬಿಸಿಲಿಗೆ ಕಾಂಕ್ರೀಟು ಒಂದು ದಿನ ಒಣಗಿದರೂ ಬಿರುಕು ಬಿಡುತ್ತದೆ. ಶಾಲೆಗೆ ರಜೆ ಇತ್ತು. ಸ್ಲಾಬಿನ ಮೇಲೆ ಗದ್ದೆಯ ಹುಣಿಯ ಹಾಗೆ ಸಿಮೆಂಟು ಮಣ್ಣಿನ ಸಣ್ಣ ಕಟ್ಟ ಕಟ್ಟಿದ್ದರು. ನಾನು, ಮಗಳು ಬೆಳಿಗ್ಗೆ ಸಂಜೆ ಮೇಲೆ ಹತ್ತಿ ಆ ಪಾತಿಗಳಿಗೆ ನೀರು ತುಂಬಿಸಿದೆವು, ಹದಿನಾಲ್ಕು ದಿನ. ಬೇಸಗೆಯಲ್ಲಿ ಸುರಂಗದ ಒಸರು ಸಣ್ಣ ಬೆರಳಿನಷ್ಟು. ರಾತ್ರಿಯಿಡೀ ಟಾಂಕಿ ತುಂಬಿದ್ದು ಸ್ಲಾಬಿಗೇ ಸರಿಹೋಗುತ್ತಿತ್ತು, ಆ ದಿನಗಳಲ್ಲಿ ಬಟ್ಟೆ ಒಗೆಯಲು ಭಾವನ ಮನೆಗೆ ಹೋದೆವು.

ಹತ್ತನೇ ದಿನ ಕಂಟ್ರಾಕ್ಟರು ಬಂದು, ಸ್ಲಾಬಿನಡಿಗೆ ಆಸರೆ ಕೊಟ್ಟ ಶೀಟು, ಗೂಟ ಬೇರೆ ಕಡೆ ಕೆಲಸಕ್ಕೆ ಬೇಕು, ಬಿಚ್ಚುವ ಎಂದರು. ಹದಿನಾಲ್ಕು ದಿನ ಎಂದು ಬರೆದ ಪುಟ ತೆಗೆದು ತೋರಿಸಿದೆ. ಹಾಲಿನ ನಡುವೆ ಉದ್ದದ ಬೀಮ್ ಇದೆ, ಅದರಡಿಯ ಗೂಟ ಅಷ್ಟು ದಿನ ಇರಲೇಬೇಕು. "ಟೀಚರೆ, ಬರೆದದ್ದು ಬರೆದದ್ದೇ" ಎಂದು ಹಿಂದೆ ಹೋದರು. ಬರೆಯದೆ ಇದ್ದಿದ್ದರೆ ನನ್ನ ಮಾತು ಅಂದು ನಿಲ್ಲುತ್ತಿತ್ತು ಎಂಬ ಧೈರ್ಯ ನನಗಿಲ್ಲ.

ತಾರಸಿಯ ಮೇಲೆ ಕಬ್ಬಿಣದ ಮಾಡು ಕಟ್ಟಿ ಹಳೇ ಮನೆಯ ಹಂಚನ್ನೇ ತೊಳೆದು ಹೊದಿಸಿದೆವು. ಪತ್ತನಾಜೆಗೆ ಮುಗಿಯಬೇಕಿತ್ತು, ಜೂನ್ ಮೊದಲ ವಾರಕ್ಕೆ ಹೋಯಿತು. ಆ ವರ್ಷ ಕೇರಳಕ್ಕೆ ಮಳೆಗಾಲ ಕಾಲಿಟ್ಟದ್ದೇ ಜೂನ್ 8ಕ್ಕೆ, ದೇವರು ದೊಡ್ಡವನು. ಮಳೆ ಹೊರಗೆ ಸುರಿಯುವಾಗ ಒಳಗೆ ವಯರಿಂಗ್, ಸಾರಣೆ ಆಯಿತು. ಟೈಲ್ಸ್, ಪೈಂಟಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಎಲ್ಲರ ಮನೆಯ ಹಾಗೆ ತಡವಾಗಿ ಮುಗಿಯಿತು. 2024ರ ಫೆಬ್ರವರಿಯಲ್ಲಿ ಒಕ್ಕಲು.

2024ರ ಜುಲಾಯಿಯ ದೊಡ್ಡ ಮಳೆಗೆ ಸಿಟೌಟಿನ ಮಾಡು ಗೋಡೆಗೆ ಸೇರುವ ಮೂಲೆಯಲ್ಲಿ ನೀರಿನ ಗೆರೆ ಇಳಿಯಿತು. ಫೋಟೊ ತೆಗೆದು ಕಳಿಸಿದೆ. ನಾಲ್ಕು ದಿನ ಕಳೆದು, ಮಳೆ ಬಿಟ್ಟ ಹೊತ್ತು ನೋಡಿ ಅವರೇ ಇಬ್ಬರನ್ನು ಕರಕೊಂಡು ಬಂದು ಗೋಡೆ ಕೊರೆದು ತಗಡು ಒಳಸೇರಿಸಿ ಮುಚ್ಚಿದರು. ಮತ್ತೆ ಸೋರಲಿಲ್ಲ. ದೀಪಾವಳಿಯ ವಾರ ಉಳಿದ 1,41,750 ರೂಪಾಯಿ ಅವರ ಖಾತೆಗೆ ಹಾಕಿ, ನೋಟ್‌ಬುಕ್ಕಿನಲ್ಲಿ ಅವರ ರುಜು ತೆಗೆದುಕೊಂಡೆ.

ರುಜು ಹಾಕಿ ಎದ್ದವರು ಮೆಟ್ಟಿಲಿನ ಹತ್ತಿರ ನಿಂತರು. ಇಳಿಜಾರಿನ ಮನೆಯಾದ್ದರಿಂದ ಸಿಟೌಟಿನಿಂದ ಅಂಗಳಕ್ಕೆ ಏಳು ಮೆಟ್ಟಿಲು. ಅತ್ತೆ ಒಂದು ಕೈಯಲ್ಲಿ ಗೋಡೆ ಹಿಡಿದು, ಒಂದೊಂದರಲ್ಲೂ ಎರಡೂ ಕಾಲು ಊರಿ ಇಳಿಯುತ್ತಿದ್ದರು. ಗೋಡೆ ನಾಲ್ಕನೇ ಮೆಟ್ಟಿಲಿಗೆ ಮುಗಿಯುತ್ತದೆ. ನೆಲದ ಮೇಲೆ ಗೆರೆ ಎಳೆದು ನಡೆಸಿದಾಗ ಮೆಟ್ಟಿಲು ಸಪಾಟು ಅಂಗಳದಲ್ಲಿ ಬರೀ ಗೆರೆಯಾಗಿತ್ತು. ಹಿಡಿದುಕೊಳ್ಳಲು ಏನಾದರೂ ಬೇಕೆಂದು ನನಗೂ, ಅತ್ತೆಗೂ, ಅವರಿಗೂ ಹೊಳೆದಿರಲಿಲ್ಲ. ಮರುದಿನ ಅವರು ವೆಲ್ಡಿಂಗಿನವನನ್ನು ಕಳಿಸಿದರು. ಅತ್ತೆಯನ್ನು ನಿಲ್ಲಿಸಿ, ಅವರ ಕೈ ತಾನಾಗಿ ಹೋಗುವ ಎತ್ತರಕ್ಕೆ ಗುರುತು ಹಾಕಿ ಎರಡೂ ಬದಿಗೆ ಪೈಪು ಕೂರಿಸಿದ. ನೋಟ್‌ಬುಕ್ಕಿನ ಕೊನೆಯ ಲೆಕ್ಕ ಅದೇ: ಪೈಪು, ಕೂಲಿ ಸೇರಿ 6,800.